ಭಂಡಾರ ಮೆತ್ತಿದ ಮೈಕು

ಹೋದ ವಾರ ನನ್ನ ಹಳೆಯ ಕಾರು ತೊಳೆಯುವಾಗ ಡ್ಯಾಶ್‌ಬೋರ್ಡಿನ ಖಾನೆಯನ್ನು ಪೂರ್ತಿ ಖಾಲಿ ಮಾಡಿದೆ. ಅವಧಿ ಮುಗಿದ ವಿಮೆಯ ಕಾಗದ, ಒಣಗಿ ಕಲ್ಲಾದ ನಿಂಬೆಹಣ್ಣು, ನಟ್ಟು ಬಿಚ್ಚುವ ತುಕ್ಕು ಹಿಡಿದ ಪಾನಾ... ಎಲ್ಲದರ ಕೆಳಗೆ ಒಂದು ಸಣ್ಣ ಕಾಗದದ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಕಡಲೆಕಾಳಿನಷ್ಟು ಕರಿಯ ಮೈಕು, ಅದಕ್ಕೆ ಗೇಣುದ್ದದ ವಾಯರು, ಕಾಗದದ ಮಡಿಕೆಯಲ್ಲಿ ಒಂದು ಚಿಟಿಕೆ ಹಳದಿ ಪುಡಿ. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷಗಳ ಮೇಲೂ ಭಂಡಾರದ ವಾಸನೆ ಹೋಗಿರಲಿಲ್ಲ. ದೇವರ ಜಗಲಿಯ ಮುಂದೆ ದಿನಾ ಮೂಗಿಗೆ ಬಡಿಯುವ ಅದೇ ಅರಿಸಿನದ ವಾಸನೆ. ಆದರೆ ಅಂದು ನನಗೆ ಆ ಪೊಟ್ಟಣ ಕಟ್ಟಿದ ಕೈ ನೆನಪಾಗಿ, ಪೈಪಿನ ನೀರು ಸುಮ್ಮನೆ ಹರಿದು ಹೋಗುತ್ತಿದ್ದರೂ ಎದ್ದು ನಲ್ಲಿ ನಿಲ್ಲಿಸಲಾಗಲಿಲ್ಲ.

ಅವನು ಗೋಕಾಕದಲ್ಲಿ ಗಾಡಿಗಳ ವಾಯರಿಂಗ್ ಕೆಲಸ ಮಾಡುತ್ತಿದ್ದ. ನಾವೆಲ್ಲ ಮಿಸ್ತ್ರಿ ಎಂದೇ ಕರೆಯುತ್ತಿದ್ದೆವು. ನನಗಿಂತ ಬಹಳ ಚಿಕ್ಕವನು. ಹುಕ್ಕೇರಿ ಕಡೆಯ ಒಂದು ಹಳ್ಳಿಯಿಂದ ದಿನಾ ಬಸ್ಸಿಗೆ ಬಂದು, ನಮ್ಮ ಬಾಡಿಗೆ ಕಾರುಗಳ ಸ್ಟ್ಯಾಂಡಿನ ಎದುರಿನ ತಗಡಿನ ಶೆಡ್ಡು ತೆರೆಯುತ್ತಿದ್ದ. ಒಳಗೆ ವಾಯರಿನ ಸುರುಳಿಗಳ ನಡುವೆ ಬುದ್ಧನ ಸಣ್ಣ ಮೂರ್ತಿ ಇತ್ತು. ಅವನ ಮನೆಯವರು ಅವನ ತಂದೆಯ ಕಾಲದಲ್ಲೇ ಬೌದ್ಧರಾಗಿದ್ದರು. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಮಾತಿಗೆ ಬರುತ್ತಿರಲಿಲ್ಲ, ಅಷ್ಟೆ.

ಗಾಡಿಯಿಂದ ತೆಗೆದ ಯಾವ ಸಾಮಾನನ್ನೂ ಅವನು ಇಟ್ಟುಕೊಳ್ಳುತ್ತಿರಲಿಲ್ಲ. ಸುಟ್ಟ ಫ್ಯೂಸ್ ಆದರೂ ಕಾಗದದಲ್ಲಿ ಸುತ್ತಿ ಕೈಗೆ ಕೊಡುತ್ತಿದ್ದ. ಯಾಕೆಂದು ಒಮ್ಮೆ ಕೇಳಿದ್ದೆ.

"ನಿಮ್ಮ ಸಾಮಾನ ನಿಮ್ಮ ಹತ್ರನ ಇರಲಿ ಕಾಕಾ. ನಾಳೆ ಯಾರರ ಮಿಸ್ತ್ರಿ ಬದ್ಲಿ ಮಾಡ್ಯಾನ ಅಂದ್ರ ತೋರಸಾಕ ಬರ್ತೈತಿ" ಎಂದು ನಕ್ಕಿದ್ದ.

ನನ್ನ ಊರು ಕಲ್ಲೋಳಿ. ಆಗ ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಬಾಡಿಗೆ ಓಡಿಸುತ್ತಿದ್ದೆ. ಒಂದು ಸಲ ಧುಪದಾಳದ ಹತ್ತಿರ ಫೋನು ಕಿವಿಗೆ ಹಿಡಿದುಕೊಂಡೇ ತಿರುವು ಹಾಕಿ, ಕುರಿಹಿಂಡಿಗೆ ನುಗ್ಗುವುದು ಕೂದಲೆಳೆಯಲ್ಲಿ ತಪ್ಪಿತು. ಸುದ್ದಿ ತಿಳಿದ ಹೆಂಡತಿ ಎರಡು ದಿನ ಮಾತು ಬಿಟ್ಟಳು. ಅದಕ್ಕೇ ಬ್ಲೂಟೂತಿನ ಹ್ಯಾಂಡ್ಸ್‌ಫ್ರೀ ಡಬ್ಬಿ ಕೊಂಡು ತಂದು ಮಿಸ್ತ್ರಿಯ ಕೈಗೆ ಕೊಟ್ಟೆ. ಡಬ್ಬಿಯನ್ನು ಸ್ಟೇರಿಂಗಿನ ಬಾಜೂಕ್ಕೆ ಕೂರಿಸಿದ. ಸಣ್ಣ ಮೈಕನ್ನು ಕನ್ನಡಿಯ ಹತ್ತಿರ, ನನ್ನ ಬಾಯಿಗೆ ಸರಿಯಾಗಿ ಸಿಕ್ಕಿಸಿದ. ಆಮೇಲೆ ರಸ್ತೆ ದಾಟಿ, ಚಹಾದ ಅಂಗಡಿಯ ಮುಂದೆ ನಿಂತು ತನ್ನ ಫೋನಿನಿಂದ ನನಗೆ ಫೋನು ಮಾಡಿದ. ಅವನ ದನಿ ಕಾರಿನ ತುಂಬ ತುಂಬಿತು.

"ಕಾಕಾ, ಇವತ್ತ ಏನ ಊಟಾ?"

"ಯಾಕೋ ತಮ್ಮಾ, ಬರಾಂವ ಅದಿಯೇನ?"

"ಅಲ್ರಿ, ಹಲೋ ಹಲೋ ಅಂದ್ರ ಮೈಕಿನ ಖರೇ ಗುಣ ತಿಳಿಯೂದಿಲ್ಲ. ಊಟದ ಸುದ್ದಿ ತಗದ್ರ ಮನಷ್ಯಾ ಮನಸ್ಸಿಟ್ಟ ಮಾತಾಡ್ತಾನ. ಹೇಳ್ರಿ, ಏನ ತಿಂದ್ರಿ?"

"ರೊಟ್ಟಿ, ಪುಂಡಿಪಲ್ಯ, ಮ್ಯಾಲ ಬಳ್ಳೊಳ್ಳಿ-ಖಾರ ಹಾಕಿ ಕುಟ್ಟಿದ ಒಂದ ರೊಟ್ಟಿ ಮುಟಿಗಿ."

"ಹಾಂ, ಪುಂಡಿಪಲ್ಯದ ಹುಳಿ ಸುದ್ದಾ ಕೇಳಸಾಕತ್ತೈತಿ. ಮೈಕ ಪಾಸ್!"

ಅಂದಿನಿಂದ ಅದೇ ರೂಢಿಯಾಯಿತು. ಕೆಲಸ ಇಲ್ಲದಿದ್ದರೂ ನನ್ನ ಕಾರು ಸ್ಟ್ಯಾಂಡಿಗೆ ಬಂದದ್ದು ಕಂಡರೆ ಫೋನು ಮಾಡಿ ಊಟ ಕೇಳುತ್ತಿದ್ದ. ನಾನೂ ಕಾಯುತ್ತಿದ್ದೆ...

ಕೆಲವು ವಾರಗಳಲ್ಲಿ ತೊಂದರೆ ಸುರುವಾಯಿತು. ಎದುರಿನವರ ಮಾತು ನನಗೆ ಸ್ಪಷ್ಟ, ನನ್ನ ಮಾತು ಅವರಿಗೆ ಇಲ್ಲ. "ಬಾವ್ಯಾಗ ನಿಂತ ಮಾತಾಡ್ತೀರೇನ್ರಿ?" ಎಂದು ಹೆಂಡತಿ ಕೇಳಿದಳು. ಮಿಸ್ತ್ರಿ ಫೋನಿನ ಜೋಡಣೆ ಅಳಿಸಿ ಮತ್ತೆ ಜೋಡಿಸಿದ. ಬೇರೆ ಫೋನು ಹಚ್ಚಿ ನೋಡಿದ. ಅರ್ಥಿಂಗ್ ವಾಯರು ಬಿಚ್ಚಿ, ಉಜ್ಜಿ, ಮತ್ತೆ ಬಿಗಿದ. ಕೊನೆಗೆ ಬೇರೆ ಮೈಕು ಹಾಕಿದ ಕೂಡಲೇ ದನಿ ಸರಿಯಾಯಿತು. ಹಳೆಯದನ್ನು ಸುತ್ತಿ ನನ್ನ ಕೈಗಿಟ್ಟ. ಮುಂದಿನ ತಿಂಗಳು ಹೊಸ ಮೈಕೂ ಹಾಗೆಯೇ ಆಯಿತು. ಅದನ್ನೂ ಬದಲಿಸಿದ. ಅದರ ಮುಂದಿನ ತಿಂಗಳು ಮತ್ತೆ ಹೋದೆ.

ಆ ಸಲ ಅವನು ಕಾರಿನೊಳಗೆ ಕೂತು ಸುತ್ತ ನೋಡಿದ. ಆಮೇಲೆ ಮೈಕು ಕಳಚಿ, ತೊಡೆಯ ಮೇಲೆ ಬಿಳಿ ಕಾಗದ ಹಾಸಿ, ಮೈಕಿನ ಸಣ್ಣ ತೂತನ್ನು ಸೂಜಿಯಿಂದ ಕೆದಕಿ ತಟ್ಟಿದ. ಕಾಗದದ ಮೇಲೆ ಹಳದಿ ಪುಡಿ ಉದುರಿತು.

ನನಗೆ ಆ ಕ್ಷಣದಲ್ಲೇ ತಿಳಿಯಿತು. ಪ್ರತಿ ಅಮಾವಾಸ್ಯೆಗೆ ಗಾಡಿಯ ಪೂಜೆ ಮಾಡಿ, ಕಾಯಿ ಒಡೆದ ಒದ್ದೆ ಹೆಬ್ಬೆರಳನ್ನು ಭಂಡಾರದಲ್ಲಿ ಅದ್ದಿ ಸ್ಟೇರಿಂಗಿಗೆ, ಗೇರಿಗೆ, ಗಾಲಿಗೆ ಹಚ್ಚುತ್ತಿದ್ದೆ. ಮೈಕೆಂದರೆ ಗಾಡಿಯ ಕಿವಿ, ಅದಕ್ಕೆ ದೃಷ್ಟಿ ತಾಗಬಾರದೆಂದು ಒಂದಿಷ್ಟು ಹೆಚ್ಚೇ ಒತ್ತಿ ಹಚ್ಚುತ್ತಿದ್ದೆ.

"ಅಮಾಸಿ ಆದ ಮ್ಯಾಲನ ಬರ್ತೀರಿ ನೋಡ್ರಿ ಕಾಕಾ ನೀವು" ಎಂದ, ಬಹಳ ಮೆತ್ತಗೆ. "ಇಡೀ ಗಾಡಿಗೆ ಹಚ್ರಿ, ಇದೊಂದಕ್ಕ ಭಂಡಾರ ಬ್ಯಾಡ."

ಕಿಟಕಿಗೆ ಆತು ನಿಂತಿದ್ದ ಒಬ್ಬ ಡ್ರೈವರ್ ಇದನ್ನು ಕೇಳಿಸಿಕೊಂಡು ಜೋರಾಗಿ ನಕ್ಕ. "ಲೇ, ಇವನ ದೇವರ ಇವನ ಮಾತ ನುಂಗಾಕತ್ತಾನಂತೋ!" ಎಂದು ಉಳಿದವರನ್ನೂ ಕರೆದ. ನಾಲ್ಕೈದು ಮಂದಿ ಬಂದು ನಿಂತರು. ನನಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಆಗ ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಇದ್ದ ಹಾಗೆಯೇ ಬರೆಯುತ್ತೇನೆ. ಮೃದು ಮಾಡಿ ಬರೆದರೆ ತಪ್ಪೊಪ್ಪಿದ ಹಾಗಾಗುವುದಿಲ್ಲ.

"ದೇವರನ್ನ ಬಿಟ್ಟ ಮಂದಿಗೆ ಭಂಡಾರದ ಕಿಮ್ಮತ್ತ ಏನ ಗೊತ್ತಲೇ? ಹಳೇ ಮೈಕ ಹಾಕಿಕೊಟ್ಟಿ, ಈಗ ತಪ್ಪ ದೇವರ ಮ್ಯಾಲ ಹಾಕ್ತಿ?"

ಹಳದಿ ಪುಡಿಯ ಕಾಗದ ಅವನ ತೊಡೆಯ ಮೇಲೇ ಇತ್ತು. ಎತ್ತಿ ತೋರಿಸಿದ್ದರೆ ನನ್ನ ಸುಳ್ಳು ಅಲ್ಲೇ ಬಯಲಾಗುತ್ತಿತ್ತು. ತೋರಿಸಲಿಲ್ಲ. ಅದೇ ಕಾಗದದಲ್ಲಿ ಮೈಕು ಸುತ್ತಿ ನನ್ನ ಕೈಗೆ ಕೊಟ್ಟ. ತನ್ನ ಡಬ್ಬಿಯಿಂದ ಇನ್ನೊಂದು ಮೈಕು ತೆಗೆದು ಹಾಕಿ ಇಳಿದು ಹೋದ. ಆ ದಿನ ರಸ್ತೆ ದಾಟಿ ಫೋನು ಮಾಡಲಿಲ್ಲ.

ಮಿಸ್ತ್ರಿ ಹಳೆಯ ಸಾಮಾನು ಹಾಕುತ್ತಾನೆ ಎಂಬ ಮಾತು ಸ್ಟ್ಯಾಂಡಿನ ತುಂಬ ಹಬ್ಬಿತು. ಎರಡು ದಿನದ ಮೇಲೆ ಹಿರಿಯ ಡ್ರೈವರ್ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು "ಖರೇನ ಏನೋ ಅದು?" ಎಂದು ಕೇಳಿದರು. ಇಲ್ಲ ಎನ್ನಲು ನನಗೆ ಸಿಕ್ಕ ಅವಕಾಶ ಅದು. ನಾನು ಹೌದೆಂದು ತಲೆ ಆಡಿಸಿದೆ. ಸಿಟ್ಟಿನಲ್ಲಿ ಆಡಿದ ಮಾತನ್ನು ದೇವರು ಕ್ಷಮಿಸಿಯಾನು. ಆ ತಲೆ ಆಡಿಸಿದ್ದಕ್ಕೆ ಕ್ಷಮೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಮುಂದಿನ ಅಮಾವಾಸ್ಯೆಗೆ ಮೈಕಿಗೆ ಭಂಡಾರ ಹಚ್ಚಲಿಲ್ಲ. ಅದು ಮತ್ತೆ ಎಂದೂ ಕೆಡಲಿಲ್ಲ. ಹೊರಗೆ ಅವನನ್ನು ಮೋಸಗಾರ ಮಾಡಿ, ಕಾರಿನೊಳಗೆ ಅವನ ಮಾತನ್ನೇ ಪಾಲಿಸಿದೆ. ಒಬ್ಬೊಬ್ಬರೇ ಡ್ರೈವರುಗಳು ಅವನ ಕಡೆ ಹೋಗುವುದನ್ನು ಬಿಟ್ಟರು. ಮಧ್ಯಾಹ್ನ ಅವನು ಶೆಡ್ಡಿನ ಮುಂದೆ ಸುಮ್ಮನೆ ಕೂತಿರುತ್ತಿದ್ದ. ನನ್ನ ಕಾರು ಕಂಡರೆ ತಲೆ ಎತ್ತುತ್ತಿದ್ದ. ನಾನು ಗಾಜು ಏರಿಸುತ್ತಿದ್ದೆ. ಒಂದು ದಿನ ಶೆಡ್ಡಿಗೆ ಬೀಗ ಬಿದ್ದಿತ್ತು... ಮತ್ತೆ ತೆರೆಯಲಿಲ್ಲ.

ಪೊಟ್ಟಣ ಸಿಕ್ಕ ಮರುದಿನ ಅವನ ಊರಿಗೆ ಹೋದೆ. ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಬಾಗಿಲಿಗೆ ಬಂದವಳು ಅವನ ಹೆಂಡತಿ. ಗೋಡೆಯ ಮೇಲೆ ಅವನ ಫೋಟೊ ಇತ್ತು, ಹಾರದೊಂದಿಗೆ. ಜಡ್ಡಾಗಿ ತೀರಿಕೊಂಡು ಎರಡು ವರ್ಷವಾಯಿತಂತೆ. ಅವಳು ಚಹಾ ತಂದುಕೊಟ್ಟಳು. ಕುಡಿದೆ. ಪೊಟ್ಟಣ ಬಿಚ್ಚಿ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ನನ್ನ ಮುಂದ ಹೇಳಿ ಏನ ಮಾಡೂದ್ರಿ ಅಜ್ಜಾರ? ಇದನ್ನ ಅವರು ಕೇಳಬೇಕಾಗಿತ್ತು" ಎಂದಳು. ಪೊಟ್ಟಣವನ್ನು ಮತ್ತೆ ಮಡಿಸಿ ನನ್ನ ಕಡೆಗೇ ಸರಿಸಿದಳು.

ಬರುವಾಗ ಗೋಕಾಕದ ಸ್ಟ್ಯಾಂಡಿನಲ್ಲಿ ಇಳಿದೆ. ಕನಿಷ್ಠ ಅಲ್ಲಿಯಾದರೂ ಅವನ ಹೆಸರಿಗೆ ನಾನು ಹಚ್ಚಿದ ಮಸಿ ಒರೆಸೋಣವೆಂದು. ಹಳಬರು ಇಬ್ಬರೇ ಉಳಿದಿದ್ದರು. ಹೇಳಿ ಮುಗಿಸಿದ ಮೇಲೆ ಒಬ್ಬ ತಲೆ ಕೆರೆದುಕೊಂಡು "ಯಾವ ಮಿಸ್ತ್ರಿ ಮಾರಾಯಾ?" ಎಂದ. ಇನ್ನೊಬ್ಬ ನೆನಪಿಸಿಕೊಂಡ. "ಹಾಂ, ಅಂವಾ... ಹಳೇ ಸಾಮಾನ ಹಾಕ್ತಿದ್ದನಲಾ?" ಎಂದ. ಅದು ಸುಳ್ಳೆಂದು ಈಗ ತಾನೇ ಹೇಳಿದ್ದೆ. ಮತ್ತೊಮ್ಮೆ ಹೇಳಿದೆ. "ಆತು ಬಿಡು, ಚಾ ಕುಡಿ" ಎಂದ.

ನಿನ್ನೆ ಅಮಾವಾಸ್ಯೆ. ಗಾಡಿಯ ಪೂಜೆ ಮಾಡಿದೆ. ಭಂಡಾರ ಹಚ್ಚುವಾಗ ಎಡಗೈಯಿಂದ ಮೈಕನ್ನು ಮುಚ್ಚಿಕೊಂಡೆ. ಆಮೇಲೆ ಒಳಗೆ ಕೂತು ಬಾಗಿಲು ಹಾಕಿಕೊಂಡೆ. ಫೋನು ಮನೆಯೊಳಗೇ ಇತ್ತು. ಆ ಕಡೆ ಯಾರೂ ಇರಲಿಲ್ಲ. ಆದರೂ ಮೈಕಿನ ಕಡೆ ಮುಖ ಮಾಡಿ, ಮನಸ್ಸಿಟ್ಟು ಹೇಳಿದೆ:

"ಇವತ್ತ ಹೋಳಿಗಿ ತಮ್ಮಾ. ಕಟ್ಟಿನ ಸಾರು... ನಿಂದೇನ ಊಟಾ?"