ಡ್ಯಾಶ್‌ಬೋರ್ಡಿನ ಮೇಲೊಂದು ಟವೆಲ್

ಪಾಲಿಶ್ ಕಾಕಾ ಮರವನ್ನು ಕೈಯಿಂದಲ್ಲ, ಕೆನ್ನೆಯಿಂದ ಮುಟ್ಟಿ ನೋಡುತ್ತಿದ್ದರು. ನಲವತ್ತು ವರ್ಷ ಅರಗು, ಸ್ಪಿರಿಟ್ಟುಗಳಲ್ಲಿ ನೆನೆದು ಬೆರಳ ತುದಿಗಳು ಕಂದುಗಟ್ಟಿ ದಪ್ಪಗಾಗಿದ್ದವು. ನುಣುಪು ಯಾವುದು, ತರಿ ಯಾವುದು ಎಂದು ಅವುಗಳಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಬಗ್ಗಿ, ಕಣ್ಣು ಮುಚ್ಚಿ, ಎಡಗೆನ್ನೆಯನ್ನು ಹಲಗೆಗೆ ಒತ್ತಿ ಈ ತುದಿಯಿಂದ ಆ ತುದಿಯವರೆಗೆ ಮೆಲ್ಲಗೆ ಸರಿಸುವರು. ಗಡ್ಡದ ಕೂದಲು ಮರಕ್ಕೆ ಗೀರು ಹಾಕೀತೆಂದು ಕೆಲಸವಿದ್ದ ದಿನ ಎಡಗೆನ್ನೆಯನ್ನು ಮಾತ್ರ ಎರಡು ಸಲ ಬೋಳಿಸಿಕೊಳ್ಳುತ್ತಿದ್ದರು. ಬಲಗಡೆ ವಾರದ ಬಿಳಿ ಕುರುಚಲು, ಎಡಗಡೆ ಮದುಮಗನ ಕೆನ್ನೆ. ಮೊದಲ ಸಲ ಅವರನ್ನು ಎದುರಿನಿಂದ ಕಂಡಾಗ ನನಗೆ ನಗು ತಡೆಯಲಾಗಲಿಲ್ಲ.

ನಾನು ಕೆಲಸಕ್ಕೆಂದು ಬಂದು ನೆಲೆಸಿದ ತೆಲುಗು ನಗರದ ಕೋಠಿ ಪೇಟೆಯಲ್ಲಿ, ಹಳೇ ಪುಸ್ತಕದಂಗಡಿಗಳ ಹಿಂದಿನ ಗಲ್ಲಿಯೊಳಗೆ, ಒಂದು ಮೆಟ್ಟಿಲ ಕೆಳಗಿನ ಜಾಗ ಅವರದು. ಗಿರಾಕಿಗಳ ಜೊತೆ ಹಿಂದಿ, ಪಕ್ಕದ ಚಹಾದವನ ಜೊತೆ ತೆಲುಗು, ಮರದ ಜೊತೆ ಮಾತ್ರ ಕನ್ನಡ. ಅಲ್ಲಿ ಹಾದುಹೋಗುತ್ತಿದ್ದ ನಾನು ಗಕ್ಕನೆ ನಿಂತದ್ದೂ ಅದಕ್ಕೇ. "ಏಳ್ ನಮ್ಮಪ್ಪ, ಎಷ್ಟೊತ್ತು ಮಕ್ಕೊಂತಿ" ಎಂದು ಒಬ್ಬ ಮುದುಕರು ಕುರ್ಚಿಯ ತೋಳನ್ನು ತಿಕ್ಕುತ್ತ ಹೇಳುತ್ತಿದ್ದರು. ಅವರು ತಿಕ್ಕಿದಂತೆಲ್ಲ ಸತ್ತಂತಿದ್ದ ಆ ಮರದೊಳಗಿಂದ ಕೆಂಪು ಬೆಳಕೊಂದು ನಿಜಕ್ಕೂ ಏಳುತ್ತಿತ್ತು.

"ಯಾವೂರು ಕಾಕಾ ನಿಮ್ಮದು?" ಎಂದೆ.

"ರಾಯಚೂರ ಕಡೆ ಲಿಂಗಸುಗೂರ್ರಿ. ಆದ್ರ ಊರಾಗ ಯಾರೂ ಗುರ್ತ ಹಿಡಿಯಂಗಿಲ್ಲ ಬಿಡ್ರಿ" ಎಂದು ನಕ್ಕರು. ಅಂದಿನಿಂದ ಅವರು ನನಗೆ ಪಾಲಿಶ್ ಕಾಕಾ ಆದರು.

ನಗರದಂಚಿನ ಕೊಂಡಾಪುರದಲ್ಲಿ ನೋಡನೋಡುತ್ತಿದ್ದಂತೆ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳವು. ಅಂಥದೊಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ನನಗೆ ಕೆಲಸ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ವರದಿ ಮಾಡುವುದೇ ನನ್ನ ಉದ್ಯೋಗ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಹೋಗುವುದು ಇಲ್ಲೇ. ಕೈಗೆ ಸಂಬಳ ಬರುತ್ತಿದ್ದ ಹುರುಪಿನಲ್ಲಿ ನಾನೂ ನನ್ನ ಗಂಡನೂ ಒಂದು ಹುಚ್ಚು ಕೆಲಸ ಮಾಡಿದೆವು. ಶಂಶಾಬಾದಿನಾಚೆ ಒಂದು ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಹಳೆಯ ಮನೆಗಾಡಿಯನ್ನು ಕೊಂಡುಬಿಟ್ಟೆವು. ಒಳಗೆ ಮಲಗುವ ಮಂಚ, ಪುಟ್ಟ ಒಲೆ, ಪಾತ್ರೆ ತೊಳೆಯುವ ತೊಟ್ಟಿ ಎಲ್ಲ ಇದ್ದ ವ್ಯಾನದು. ಯಾವುದೋ ಕಾಲದಲ್ಲಿ ಯಾರೋ ವಿದೇಶಿಗಳು ಅದರಲ್ಲೇ ಉಂಡು ಮಲಗುತ್ತ ಇಲ್ಲಿಯವರೆಗೆ ಓಡಿಸಿಕೊಂಡು ಬಂದು ಮಾರಿಹೋಗಿದ್ದರಂತೆ. ಎಂಜಿನ್ನಿಗೆ ಮೆಕ್ಯಾನಿಕ್ ಸಿಕ್ಕ, ಬಣ್ಣಕ್ಕೂ ಜನ ಸಿಕ್ಕರು. ಸ್ಟಿಯರಿಂಗಿನ ಮುಂದಿನ ಡ್ಯಾಶ್‌ಬೋರ್ಡು ಮಾತ್ರ ನೋಡಲಾಗದಂತಿತ್ತು. ಒಡೆದ ರೆಕ್ಸಿನ್, ಅದರೊಳಗಿಂದ ಇಣುಕುವ ಸ್ಪಂಜು, ನಡುವೆ ರೇಡಿಯೋ ಕಿತ್ತ ಗುಂಡಿ. ಕಾಕಾ ಒಂದು ಭಾನುವಾರ ಬಸ್ಸಿನಲ್ಲಿ ಬಂದು, ರೆಕ್ಸಿನ್ನಿನ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ನೋಡಿ, "ಒಳಗ ಸಾಗವಾನಿ ಐತ್ರಿ" ಎಂದರು. ಸಾಗವಾನಿ ಎನ್ನುವಾಗ ಅವರ ದನಿ ತಗ್ಗಿತು.

ಅಂದಿನಿಂದ ಎಷ್ಟೋ ವಾರ ಅಪಾರ್ಟ್‌ಮೆಂಟಿನ ಪಾರ್ಕಿಂಗೇ ಅವರ ಕಾರ್ಖಾನೆಯಾಯಿತು. ರೇಡಿಯೋದ ಗುಂಡಿಯನ್ನು ದುಂಡಗೆ ಮಾಡಿ ಕೀಲಿ ಕೊಡುವ ಗಡಿಯಾರ ಕೂರಿಸಿದರು. ಎಡಗಡೆ ಮುರಿದುಹೋಗಿದ್ದ ಸಾಮಾನಿನ ಗೂಡಿಗೆ, ಯಾವುದೋ ಹಳೆಯ ಕಪಾಟಿನ ಬೀಟೆ ಬಾಗಿಲಿನಿಂದ ಮುಚ್ಚಳ ಕೊಯ್ದು ಹೊಂದಿಸಿದರು. ಆಮೇಲೆ ಪಾಲಿಶ್ ಶುರುವಾಯಿತು. ಹತ್ತಿಯನ್ನು ಹಳೇ ಧೋತರದ ಚೂರಿನಲ್ಲಿ ಸುತ್ತಿ ಗಂಟು ಕಟ್ಟಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನಲ್ಲಿ ಅದ್ದಿ, ಸಣ್ಣ ಸಣ್ಣ ಸುತ್ತು ಸುತ್ತುತ್ತ ಒರೆಸುವುದು. ಒಣಗಿದ ಮೇಲೆ ತಿಕ್ಕಿ ಮತ್ತೆ ಒರೆಸುವುದು. ಎಷ್ಟು ಸಲ ಎಂದು ಕೇಳಿದರೆ "ಮಾರಿ ಕಾಣೋತನಕ" ಎನ್ನುವರು. ಮುಖ ಕಾಣದಿದ್ದರೆ ಅದು ಪಾಲಿಶೇ ಅಲ್ಲ, ಬರೇ ಎಣ್ಣೆ ಹಚ್ಚಿದ್ದು ಎಂಬುದು ಅವರ ಲೆಕ್ಕ.

ಅಷ್ಟು ಹೊತ್ತಿಗೆ ಕೈಯಿಂದ ಪಾಲಿಶ್ ಮಾಡಿಸುವವರು ನಗರದಲ್ಲಿ ಇಲ್ಲವೇ ಇಲ್ಲ ಎನ್ನುವಂತಾಗಿತ್ತು. ಹೊಸ ಫ್ಲಾಟುಗಳಿಗೆಲ್ಲ ಕಾರ್ಖಾನೆಯಿಂದ ಹೊಳೆಯುತ್ತಲೇ ಬರುವ ಹಲಗೆಗಳು. ಒಮ್ಮೆ ಚಹಾ ಕುಡಿಯುತ್ತ ಕಾಕಾ ಹೇಳಿದರು: "ನಾ ಮಾಡಿದ ಕೆಲಸೆಲ್ಲಾ ಮಂದಿ ಮನ್ಯಾಗ, ಮುಚ್ಚಿದ ಬಾಗಲ ಹಿಂದ ಐತ್ರಿ ಮೇಡಮ್. ಯಾರ ಕಣ್ಣಿಗೂ ಬೀಳಂಗಿಲ್ಲ. ಇದೊಂದು ಊರು ತಿರುಗ್ತತಿ. ನಾ ಹ್ವಾದ ಮ್ಯಾಲೂ ಮಂದಿ ಕೇಳ್ಬೇಕು, ಇದು ಯಾರ ಕೈ ಅಂತ." ಆ ಮಾತು ಕೇಳಿದ ಮೇಲೆ ಈ ಹಲಗೆ ಅವರಿಗೇನು ಎಂಬುದು ನನಗೆ ಗೊತ್ತಾಯಿತು.

ಕೆಲಸ ಮುಗಿದ ದಿನ ಅಕ್ಕಪಕ್ಕದ ಫ್ಲಾಟಿನವರೂ ಇಳಿದುಬಂದರು. ಏನು ಹೇಳಲಿ, ಅಂಥ ಹೊಳಪನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಮರದ ಗೆರೆಗಳು ತಿಳಿನೀರಿನ ತಳದಲ್ಲಿ ಕಾಣುವಂತೆ ಕಾಣುತ್ತಿದ್ದವು. ಕಾಕಾ ಅಂಗಿಯ ಜೇಬಿನಿಂದ ಬಾಚಣಿಗೆ ತೆಗೆದು, ಬಗ್ಗಿ, ಡ್ಯಾಶ್‌ಬೋರ್ಡಿನಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತ ಇದ್ದಷ್ಟು ಕೂದಲನ್ನು ಓರೆಯಾಗಿ ಬಾಚಿಕೊಂಡರು. ಪ್ರತಿ ಕೆಲಸ ಮುಗಿದಾಗಲೂ ಅವರು ಹೀಗೆಯೇ ಮಾಡುತ್ತಿದ್ದರು, ಬೇರೆಯವರು ರುಜು ಹಾಕುವ ಹಾಗೆ. ಬಾಚಿಕೊಂಡ ಮೇಲೆ ಆ ಮರವನ್ನು ಮತ್ತೆ ಮುಟ್ಟುತ್ತಿರಲಿಲ್ಲ.

ಮರುದಿನ ಸಂಜೆ ಗಾಡಿ ತೆಗೆದುಕೊಂಡು ಒಬ್ಬಳೇ ಹೊರಟೆ. ಪಡುವಣಕ್ಕೆ ತಿರುಗಿದ್ದೇ ತಡ, ಇಳಿಬಿಸಿಲು ಹಲಗೆಯ ಮೇಲೆ ಬಿದ್ದು ಎದುರಿನ ಗಾಜಿನ ತುಂಬ ಹರಡಿಕೊಂಡಿತು. ರಸ್ತೆ ಇರಬೇಕಾದ ಕಡೆ ಬೆಳ್ಳನೆಯ ಆಕಾಶ. ಹೌಹಾರಿ ಬ್ರೇಕ್ ಒತ್ತಿದೆ. ಗಾಡಿ ನಿಂತಾಗ, ಕಟ್ಟಡದ ಕೆಲಸ ಮುಗಿಸಿ ರಸ್ತೆ ದಾಟುತ್ತಿದ್ದ ಹೆಂಗಸೊಬ್ಬಳು ಬಂಪರಿನಿಂದ ಒಂದು ಗೇಣು ದೂರದಲ್ಲಿದ್ದಳು. ಅವಳ ಬುತ್ತಿಯ ಡಬ್ಬಿ ಉರುಳಿ ಗಾಲಿಯ ಕೆಳಗೆ ಸೇರಿತ್ತು.

"ಕಣ್ಣು ಕಾಣಂಗಿಲ್ಲೇನ ನಿನಗ? ಇಷ್ಟು ದೊಡ್ಡ ಮನೀನ ಮೈಮ್ಯಾಲೆ ತರಾಕತ್ತಿಯಲ್ಲ!" ಎಂದು ಅವಳು ಚೀರಿದಳು. ಕನ್ನಡದಲ್ಲಿ. ನಾನು ಇಳಿದು, ಅವಳ ಡಬ್ಬಿ ಎತ್ತಿಕೊಟ್ಟು, ತಪ್ಪಾಯಿತು ಎಂದು ಕೈ ಮುಗಿದೆ.

ಇಷ್ಟಾದ ಮೇಲೆ ಕೋಠಿಗೆ ಹೋಗಿ "ಕಾಕಾ, ಹೊಳಪು ಹೆಚ್ಚಾಯಿತು, ದಾರಿ ಕಾಣುವುದಿಲ್ಲ" ಎಂದರೆ ಮುಗಿಯುತ್ತಿತ್ತು. ದಿನವಿಡೀ ಊರವರ ತಪ್ಪು ಹುಡುಕಿ ಬರೆಯುವವಳಿಗೆ ಆ ಒಂದು ಮಾತು ಬಾಯಿಗೆ ಬರಲಿಲ್ಲ. ಅವರು ಬಾಚಿಕೊಳ್ಳುತ್ತಿದ್ದ ಚಿತ್ರವೇ ಕಣ್ಣ ಮುಂದೆ. ಕೊನೆಗೆ ಗಂಡನ ಹಳೆಯ ಗುಲಾಬಿ ಟವೆಲ್ಲನ್ನು ಡ್ಯಾಶ್‌ಬೋರ್ಡಿನ ಮೇಲೆ ಹಾಸಿಕೊಂಡು ಓಡಿಸತೊಡಗಿದೆ. "ತಿಂಗಳಾನುಗಟ್ಟಲೆ ಪಾಲಿಶ್ ಮಾಡಿಸಿದ್ದು ನನ್ನ ಟವೆಲ್ ಒಣಗಿಸುವುದಕ್ಕೋ?" ಎಂದು ಗಂಡ ಹಂಗಿಸಿದರೂ ಸಹಿಸಿಕೊಂಡೆ. ಕೋಠಿಯ ಕಡೆ ಹೋಗುವಾಗ ಮಾತ್ರ ಟವೆಲ್ಲನ್ನು ತೆಗೆದು ಸೀಟಿನ ಕೆಳಗೆ ತುರುಕುತ್ತಿದ್ದೆ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಕಾಕಾ ಹೇಳದೆ ಕೇಳದೆ ಬಂದುಬಿಟ್ಟರು. ಜೊತೆಗೆ ಅವರ ವಯಸ್ಸಿನದೇ ಒಬ್ಬ ಬಡಗಿ, ಹಳೆಯ ಜೊತೆಗಾರ. ತಮ್ಮ ಕೆಲಸ ತೋರಿಸಲೆಂದೇ ಆ ಗೆಳೆಯನನ್ನು ಎರಡು ಬಸ್ಸು ಬದಲಿಸಿ ಕರೆತಂದಿದ್ದರು. ನಾನು ಓಡಿ ಇಳಿದು ಬರುವಷ್ಟರಲ್ಲಿ ಇಬ್ಬರೂ ಗಾಡಿಯ ಗಾಜಿಗೆ ಮೂಗು ಹಚ್ಚಿ ನಿಂತಿದ್ದರು. ಒಳಗೆ ಗುಲಾಬಿ ಟವೆಲ್ಲು.

"ಏನಲೇ, ನಿನ್ನ ಪಾಲಿಶಿಗೆ ಥಂಡಿ ಹತ್ತತೈತಿ ಅಂತ ಹೊಚ್ಚ್ಯಾರೇನು?" ಎಂದು ಬಡಗಿ ನಕ್ಕರು. ಕಾಕಾ ನಗಲಿಲ್ಲ.

"ಧೂಳು ಕಾಕಾ, ಧೂಳು ಕೂರುತ್ತೆ ಅಂತ..." ಎಂದೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿದ್ದವು.

ಅವರು ಬಾಗಿಲು ತೆಗೆಸಿ, ಟವೆಲ್ಲನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿದರು. ಗಾಜಿನ ಕಡೆಯ ಅಂಚು ಬಿಸಿಲಿಗೆ ಬಣ್ಣ ಕಳೆದುಕೊಂಡು ಬೆಳ್ಳಗಾಗಿತ್ತು. ಬಣ್ಣ ಯಾಕೆ ಹೋಗುತ್ತದೆಂದು ಅವರಿಗೆ ಯಾರು ಕಲಿಸಬೇಕು? "ಗಾಡಿ ಇಲ್ಲಿ ನೆಳ್ಳಾಗ ನಿಲ್ತೈತಿ. ಇದು ಬಿಸಲಾಗ ಸುಟ್ಟೈತಿ. ಅಂದ್ರ ಓಡಸೋವಾಗ ಹಾಕ್ತೀರಿ. ಏನ್ ತಪ್ಪಾಗೇತಿ, ಹೇಳ್ರಿ ಮೇಡಮ್."

ಹೇಳಿದೆ. ಬೆಳ್ಳನೆಯ ಆಕಾಶ, ಹೆಂಗಸು, ಡಬ್ಬಿ, ಎಲ್ಲ. ಅವರು ಗೆಳೆಯನನ್ನು ಬಸ್ಸಿಗೆ ಹತ್ತಿಸಿ ಬಂದು, ಸಂಜೆಯವರೆಗೆ ಪಾರ್ಕಿಂಗಿನ ಕಟ್ಟೆಯ ಮೇಲೆ ಕಾಯುತ್ತ ಕೂತರು. ಹೊತ್ತು ಇಳಿದಾಗ, "ಅದ ರಸ್ತೆಕ್ಕ ನಡೀರಿ" ಎಂದರು. ಟವೆಲ್ಲಿಲ್ಲದೆ, ನಡೆಯುವವರಿಗಿಂತ ನಿಧಾನವಾಗಿ ಓಡಿಸಿದೆ. ತಿರುವಿನಲ್ಲಿ ಬೆಳಕು ಗಾಜಿನ ತುಂಬ ಎದ್ದು ನಿಂತಿತು. ಕಾಕಾ ಕೈಯನ್ನು ಹಣೆಗೆ ಅಡ್ಡ ಹಿಡಿದರು.

"ನಿಲ್ಲಸ್ರಿ" ಎಂದರು. ಗಾಡಿ ನಿಂತ ಮೇಲೆ, "ಆ ಹೆಣ್ಮಗಳು ಯಾವೂರಾಕಿ?"

"ಕೇಳಲಿಲ್ಲ ಕಾಕಾ. ಕನ್ನಡದಲ್ಲಿ ಬೈದಳು."

"ಅಂದ್ರ ನಮ್ಮ ಕಡೆಯಾಕೀನ." ಹಲಗೆಯ ಮೇಲೆ ಅಂಗೈ ಇಟ್ಟರು. "ನಲವತ್ತು ವರ್ಸ ನಿಂತ ಮರಕ್ಕ ಪಾಲಿಶ್ ಮಾಡೀನಿ ತಂಗಿ. ಓಡೋ ಮರಕ್ಕ ಮಾಡೇ ಇಲ್ಲ. ನನಗ ತಿಳೀಲಿಲ್ಲ." ಮೇಡಮ್ ಹೋಗಿ ತಂಗಿ ಬಂದದ್ದು ಆ ಹೊತ್ತಿನಲ್ಲಿ. ನನ್ನ ಕಣ್ಣಲ್ಲಿ ನೀರು ಬಂತು.

ಮರುದಿನ ಬೆಳಿಗ್ಗೆ ಎರಡು ಸಲ ಬೋಳಿಸಿದ ಎಡಗೆನ್ನೆಯೊಂದಿಗೆ ಬಂದರು. "ಅರ್ಧ ಆದರೂ ಉಳಿಸಿ ಕಾಕಾ, ನಾನು ಟವೆಲ್ ಹಾಕಿಕೊಳ್ಳುತ್ತೇನೆ" ಎಂದು ಬೇಡಿಕೊಂಡೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಪಾತ್ರೆ ತಿಕ್ಕುವಂಥ ನವಿರಾದ ತಂತಿಯ ನಾರಿಗೆ ಮೇಣ ಹಚ್ಚಿ, ತಾವೇ ಎಬ್ಬಿಸಿದ ಬೆಳಕನ್ನು ಗೆರೆಗೆರೆಯಾಗಿ ಇಳಿಸತೊಡಗಿದರು. ನಾನು ಮೂರು ದಿನ ರಜೆ ಹಾಕಿ ಪಕ್ಕದಲ್ಲೇ ಕೂತು ನೋಡಿದೆ. ಸಿಟ್ಟಿನಿಂದ ಕೆರೆಯುತ್ತಾರೆಂದು ಹೆದರಿದ್ದೆ, ಹಾಗಾಗಲಿಲ್ಲ. ಏರಿಸುವಾಗ ಇದ್ದ ಸಾವಧಾನವೇ ಇಳಿಸುವಾಗಲೂ ಇತ್ತು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆಗಬಾರದೆಂದು ಮತ್ತೆ ಮತ್ತೆ ಕೆನ್ನೆಯಿಟ್ಟು ನೋಡುವರು. ನನ್ನ ಕೆಲಸದಲ್ಲಿ ಒಂದು ಸಾಲು ತಪ್ಪೆಂದು ತೋರಿಸಿದರೆ ವಾರಗಟ್ಟಲೆ ವಾದ ಹೂಡುವ ಜಾಣರನ್ನು ಕಂಡವಳು ನಾನು. ತನ್ನ ಜೀವಮಾನದ ಅತಿ ಚೆಂದದ ಕೆಲಸವನ್ನು ಒಬ್ಬ ಮನುಷ್ಯ ತನ್ನ ಕೈಯಾರೆ, ಇಷ್ಟು ಪ್ರೀತಿಯಿಂದ ಅಳಿಸಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ಆ ಮೂರು ದಿನ ಅವರ ಎದುರು ಜೋರಾಗಿ ಮಾತಾಡಲೂ ನನಗೆ ಧೈರ್ಯವಾಗಲಿಲ್ಲ.

ಮೂರನೆಯ ದಿನ ಹಲಗೆ ಮೆತ್ತನೆಯ ಜೇನುಬಣ್ಣಕ್ಕೆ ಬಂತು. ಕೈಯಾಡಿಸಿದರೆ ರೇಷ್ಮೆ, ಆದರೆ ಒಂದು ಚೂರೂ ಮಿನುಗು ಇಲ್ಲ. ಕಾಕಾ ಜೇಬಿನಿಂದ ಬಾಚಣಿಗೆ ತೆಗೆದರು, ಬಗ್ಗಿದರು. ಅಲ್ಲಿ ಮುಖ ಎಲ್ಲಿಂದ ಬರಬೇಕು? ನಾನು ಬೇರೆ ಕಡೆ ನೋಡಿದೆ.

"ತಂಗಿ, ಇಲ್ಲಿ ಬಾ" ಎಂದರು. ಎಡಗಡೆಯ ಗೂಡಿನ ಬೀಟೆ ಮುಚ್ಚಳವನ್ನು ತೆರೆದಿದ್ದರು. ಹೊರಮೈ ಮಂಕು. ಒಳಮೈ, ದೇವರಾಣೆಗೂ, ಕನ್ನಡಿ! ಅದೊಂದರ ಮೊದಲಿನ ಹೊಳಪನ್ನು ಅವರು ಇಳಿಸಿರಲಿಲ್ಲ. ಅದರಲ್ಲಿ ನೋಡುತ್ತ ಕೂದಲನ್ನು ನಿಧಾನವಾಗಿ ಓರೆ ಬಾಚಿಕೊಂಡು, "ಇಲ್ಲಿ ಬಿಸಲು ಬರಂಗಿಲ್ಲ. ಮಾರಿ ನೋಡ್ಕೋಬೇಕಂದ್ರ ಗಾಡಿ ನಿಲ್ಲಿಸಿ ನೋಡ್ಕೋ" ಎಂದರು.

ಆಮೇಲೆ ಆ ಗಾಡಿ ಎಷ್ಟೋ ಊರು ತಿರುಗಿತು. ಎಷ್ಟೋ ಜನ ಅದರ ಬಣ್ಣ ಹೊಗಳಿದರು, ಮಂಚ ಹೊಗಳಿದರು. ಡ್ಯಾಶ್‌ಬೋರ್ಡು ಯಾರ ಕೈಯದೆಂದು ಒಬ್ಬರೂ ಕೇಳಲಿಲ್ಲ. ಆಫೀಸಿನಲ್ಲಿ ಮಾತ್ರ ನಾನು ಬದಲಾದೆ. ಎಷ್ಟೇ ಬೇಕಾದವರ ಕೆಲಸವಾದರೂ ತಪ್ಪಿದ್ದರೆ ಅಂದೇ, ಅವರ ಮುಖ ನೋಡಿಯೇ ಹೇಳುತ್ತೇನೆ. ಟವೆಲ್ ಹಾಸುವುದಿಲ್ಲ.

ಕೆಲವು ವರ್ಷಗಳ ಮೇಲೆ ಕೋಠಿಗೆ ಹೋದಾಗ ಮೆಟ್ಟಿಲ ಕೆಳಗೆ ಮೊಬೈಲ್ ಕವರುಗಳು ತೂಗುತ್ತಿದ್ದವು. ಚಹಾದವನು ನನ್ನ ಗುರುತು ಹಿಡಿದು, "ಕಾಕಾ ಪೋಯಾರಮ್ಮಾ" ಎಂದ. ಊರಿಗೆ ಹೋದವರು ಅಲ್ಲೇ ತೀರಿಕೊಂಡರಂತೆ. ಅವನು ಕೊಟ್ಟ ಚಹಾ ಕುಡಿಯದೆ ಹಾಗೇ ಇಟ್ಟು ಬಂದೆ.

ಮನೆಗೆ ಮರಳುವಾಗ ಸಂಜೆಯಾಗಿತ್ತು. ಕೊಂಡಾಪುರದ ಅದೇ ತಿರುವು, ಎದುರಿಗೆ ಅದೇ ಇಳಿಬಿಸಿಲು. ಕೆಲಸ ಬಿಟ್ಟ ಹೆಂಗಸರು ಬುತ್ತಿಯ ಡಬ್ಬಿ ಹಿಡಿದು ಸಾಲಾಗಿ ರಸ್ತೆ ದಾಟುತ್ತಿದ್ದರು. ಒಬ್ಬೊಬ್ಬಳ ಮುಖವೂ ನನಗೆ ನಿಚ್ಚಳವಾಗಿ ಕಾಣುತ್ತಿತ್ತು. ಕೊನೆಯವಳು ದಾಟಿದ ಮೇಲೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಬೀಟೆಯ ಮುಚ್ಚಳ ತೆರೆದೆ. ಅತ್ತು ಕೆಂಪಾದ ನನ್ನ ಮುಖ ಅದರಲ್ಲಿ ಸ್ಪಷ್ಟವಾಗಿತ್ತು. ಬಾಚಣಿಗೆ ಇರಲಿಲ್ಲ, ಬೆರಳುಗಳಿಂದಲೇ ತಲೆ ಬಾಚಿಕೊಂಡೆ.