ಖಾನಾಪುರದವರ ಹೊಸ ಕಾರ್ಡು

ನಮ್ಮ ಮನೆಯ ಭಾನುವಾರದ ಸಂಜೆ ಎಷ್ಟು ಹೊತ್ತಿಗೆ ಶುರುವಾಗಬೇಕು ಎಂಬುದನ್ನು ತೀರ್ಮಾನಿಸುವುದು ಬೆಳಗಾವಿಯ ಶಹಾಪುರದ ಒಬ್ಬ ಬಟ್ಟೆ ಅಂಗಡಿಯವರ ಊಟ. ಅವರು ಜೈನರು, ಹೊತ್ತು ಮುಳುಗುವ ಮೊದಲೇ ಉಣ್ಣುವವರು. ಅವರು ಉಂಡು, ಕೈ ತೊಳೆದು, ಕಂಪ್ಯೂಟರಿನ ಮುಂದೆ ಕೂತರೆಂದರೆ ಆಟದ ಉಳಿದ ಮೂವರೂ, ನನ್ನ ಗಂಡನೂ ಸೇರಿ, ಕೂತ ಹಾಗೆ. ಆಮೇಲೆ ನಮ್ಮವರ ಊಟ ಎಷ್ಟೊತ್ತಿಗಾದರೂ ಆಗಬಹುದು, ರೊಟ್ಟಿ ಆರಿ ಹಪ್ಪಳವಾಗಬಹುದು, ಕೇಳುವವರಿಲ್ಲ.

ನಾಲ್ವರೂ ಡಿಪ್ಲೊಮಾದಲ್ಲಿ ಒಂದೇ ಬೆಂಚಿನವರು. ಮಧ್ಯಾಹ್ನದ ಕ್ಲಾಸು ತಪ್ಪಿಸಿ ಕಾಲೇಜು ರಸ್ತೆಯ ಸೈಬರ್ ಕೆಫೆಯಲ್ಲಿ ಬಂದೂಕಿನ ಆಟ ಆಡಿದವರು. ಈಗ ನಮ್ಮವರು ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಸುಪರ್‌ವೈಸರ್, ಒಬ್ಬರದು ಆ ಬಟ್ಟೆ ಅಂಗಡಿ, ಇನ್ನೊಬ್ಬರು ವಿಮೆ ಏಜೆಂಟರು. ನಾಲ್ಕನೆಯವರು ಖಾನಾಪುರದವರು. ತಂದೆ ಹಾಸಿಗೆ ಹಿಡಿದಾಗ ಊರಿಗೆ ಹೋಗಿ, ಮಾಡಿಗೆ ಹೊದಿಸುವ ಹಂಚು ಮಾರುವ ವಖಾರಿ ನೋಡಿಕೊಳ್ಳುತ್ತಾ ಅಲ್ಲೇ ಉಳಿದುಬಿಟ್ಟರು. ಲಾಕ್‌ಡೌನಿನಲ್ಲಿ ಅವರವರ ಮನೆಯಿಂದಲೇ ಮತ್ತೆ ಶುರು ಮಾಡಿದ ಆಟ ಆಮೇಲೂ ನಿಲ್ಲಲಿಲ್ಲ. ಹೆಡ್‌ಫೋನ್ ಹಾಕಿಕೊಂಡರೆ ನಮ್ಮವರಿಗೆ ಕಿವಿ ನೋಯುತ್ತದೆ. ಹಾಗಾಗಿ ಸ್ಪೀಕರಿನಲ್ಲೇ ಎಲ್ಲ ನಡೆಯುತ್ತದೆ, ಅದೇ ಪಡಸಾಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುವ ನನಗೂ ನಾಲ್ವರ ದನಿ ಬೇಕೆಂದರೂ ಬೇಡವೆಂದರೂ ಕೇಳುತ್ತದೆ.

ಆಟ ಇಬ್ಬರಿಗೆ ಇಬ್ಬರು. ಹಾಳು ಬಿದ್ದ ಒಂದು ಪಟ್ಟಣ, ಅದರ ಗೋಡೆಗಳ ಮರೆಯಲ್ಲಿ ಒಬ್ಬರನ್ನೊಬ್ಬರು ಹುಡುಕಿ ಕೊಲ್ಲುವುದು. ಯಾರು ಗೆಲ್ಲುತ್ತಾರೆ ಎಂಬುದು ವಾರ ವಾರ ಬದಲಾಗುತ್ತಿತ್ತು. ಯಾರು ಮೊದಲು ಸಾಯುತ್ತಾರೆ ಎಂಬುದು ಬದಲಾಗುತ್ತಿರಲಿಲ್ಲ. ಖಾನಾಪುರದವರು ಬಿದ್ದ ಕೂಡಲೇ ಉಳಿದ ಮೂವರೂ, ಅವರ ಜೋಡಿಯಾದವರೂ ಸೇರಿ, ಒಂದೇ ದನಿಯಲ್ಲಿ ಅನ್ನುತ್ತಿದ್ದರು: "ಹಂಚ ಒಡೀತು." ಆಮೇಲೆ ನಗು. ಹಂಚಿನ ವ್ಯಾಪಾರದವರಲ್ಲವೇ, ಅದಕ್ಕೆ. ಅವರೂ ನಗುತ್ತಿದ್ದರು, ಸ್ವಲ್ಪ ತಡವಾಗಿ. ಅವರ ಕಡೆಯಿಂದ ನಗುವಿನ ಹಿಂದೆ ಸದಾ ಒಂದು ಟೇಬಲ್ ಫ್ಯಾನಿನ ಕಿರಕಿರ ಕೇಳುತ್ತಿತ್ತು.

ಆ ಫ್ಯಾನು ಅವರಿಗಲ್ಲ, ಕಂಪ್ಯೂಟರಿಗೆ. ಬೆಳಗಾವಿಗೆ ಬಂದಾಗಲೆಲ್ಲ ಅವರು ನಮ್ಮ ಮನೆಗೆ ಬಂದು, ಚಹಾ ಕುಡಿಯುತ್ತ ಅದರ ಕಷ್ಟ ಹೇಳಿಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಕಳಲೆ ತರುವರು, ಚಳಿಗೆ ಗೆಣಸು ತರುವರು, ಜೊತೆಗೆ ಕಂಪ್ಯೂಟರಿನ ಸುದ್ದಿ. ತಗೊಂಡು ಹತ್ತು ವರ್ಷಕ್ಕೂ ಮೇಲಾಗಿತ್ತು. ಚಿತ್ರ ಮೂಡಿಸುವ ಕಾರ್ಡಿನ ಮೇಲೊಂದು ಪುಟ್ಟ ಪಂಖ ಇರುತ್ತದಂತೆ, ಅದು ತಾನಾಗಿ ತಿರುಗುತ್ತಿರಲಿಲ್ಲ. ಸ್ವಿಚ್ ಹಾಕಿ ಊದಿನಕಡ್ಡಿಯಿಂದ ತಳ್ಳಿ ಚಾಲೂ ಮಾಡಬೇಕಿತ್ತು. ಬಿಸಿಯಾಗುತ್ತದೆಂದು ಕಂಪ್ಯೂಟರಿನ ಡಬ್ಬಿಯ ಒಂದು ಬದಿಯ ಬಾಗಿಲನ್ನೇ ಕಿತ್ತಿಟ್ಟಿದ್ದರು. ವಖಾರಿಯ ಕೆಂಪು ಧೂಳು ಒಳಗೆಲ್ಲ ಕೂತು, ಒರೆಸಿದ ಅರಿವೆ ಕುಂಕುಮ ಒರೆಸಿದ ಹಾಗಾಗುತ್ತಿತ್ತು. ಇಷ್ಟಾಗಿಯೂ ಆಟದಲ್ಲಿ ಚಿತ್ರ ತಡೆತಡೆದು ಬರುತ್ತಿತ್ತು. "ನಾ ಗ್ವಾಡಿ ಕಡೆ ಹೊಳ್ಳೂದ್ರಾಗ ಅವರು ಹೊಡದು ಹೋಗಿರ್ತಾರ್ರಿ ವೈನಿ" ಎಂದು, ನನ್ನನ್ನು ಅತ್ತಿಗೆಯಾಗಿಸಿ, ಅನ್ನುತ್ತಿದ್ದರು.

ಅವರ ಯೋಜನೆಯೆಲ್ಲ ನನಗೆ ಬಾಯಿಪಾಠವಾಗಿತ್ತು. ಹೊಸ ಕಾರ್ಡು ಹಾಕಿದರೆ ಕರೆಂಟು ಒದಗಿಸುವ ಡಬ್ಬಿ ದೊಡ್ಡದು ಬೇಕು. ಕಾರ್ಡಿನ ವೇಗಕ್ಕೆ ಪ್ರೊಸೆಸರು ಸಾಲುವುದಿಲ್ಲ, ಅದನ್ನು ಬದಲಿಸಿದರೆ ಮದರ್‌ಬೋರ್ಡು ಹೊಂದುವುದಿಲ್ಲ, ಅದು ಬಂದರೆ ಹಳೆಯ ರ‍್ಯಾಮ್ ಕೂಡುವುದಿಲ್ಲ. ಒಂದು ದೊಡ್ಡ ಬೋಗುಣಿ ತಂದು, ಅದಕ್ಕೆ ಒಲೆ, ಒಲೆಗೆ ಕಟ್ಟೆ, ಕಟ್ಟೆಗೆ ಅಡುಗೆಮನೆಯನ್ನೇ ಬದಲಿಸಿದ ಹಾಗೆ. ಆದರೆ ಅವರು ಇದನ್ನೆಲ್ಲ ಸೋತವರ ಹಾಗೆ ಹೇಳುತ್ತಿರಲಿಲ್ಲ, ಮದುವೆ ಮಾತುಕತೆ ಹೇಳುವವರ ಹಾಗೆ ಹೇಳುತ್ತಿದ್ದರು. ಖಾನಾಪುರದಲ್ಲಿ ಇದನ್ನು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಮನೆಯಾಕೆಗೆ ಅದು ಹುಡುಗಾಟ. ವಖಾರಿಗೆ ಬರುವವರು ತಗಡಿನ ಶೀಟು ಮೇಲೋ ಹಂಚು ಮೇಲೋ ಎಂದು ಕೇಳುವವರು. ವಾರದಲ್ಲಿ ಅವರ ಪಾಲಿಗಿದ್ದದ್ದು ಈ ಭಾನುವಾರ, ಈ ಮೂವರು.

ಆ ಮೂವರು ಪ್ರತಿ ಸಲವೂ ತಡಿ ಅನ್ನುತ್ತಿದ್ದರು. ಬಟ್ಟೆ ಅಂಗಡಿಯವರು, ಎರಡು ತಿಂಗಳಿಗೆ ಹೊಸ ಕಾರ್ಡು ಬರುತ್ತದೆ, ಆಗ ಹಳೆಯದರ ಬೆಲೆ ಇಳಿಯುತ್ತದೆ ಅಂದರು. ಅದು ಬಂದಾಗ ನಮ್ಮವರು, ಕಾರ್ಡಲ್ಲ, ಪ್ರೊಸೆಸರು ಮೊದಲು ಅಂದರು. ವಿಮೆಯವರು ದೀಪಾವಳಿಯ ಸೇಲಿನ ತನಕ ತಡಿ ಅಂದರು. ದೀಪಾವಳಿಗೆ ರ‍್ಯಾಮ್ ಬೆಲೆ ಏರಿದೆ, ಯುಗಾದಿಗೆ ನೋಡೋಣ ಅಂದರು. ಅವರೆಲ್ಲ ತಿಳಿದವರು, ಪಟ್ಟಣದವರು. ಖಾನಾಪುರದವರು ಕಾದರು.

ಹಾಗೇ ಒಂದು ಭಾನುವಾರ ಖಾನಾಪುರದಲ್ಲಿ ಕರೆಂಟು ಹೋಗಿ ಅವರ ದನಿ ನಡುವೆಯೇ ಕಡಿಯಿತು. ಫ್ಯಾನಿನ ಕಿರಕಿರವೂ ನಿಂತಿತು. ಉಳಿದ ಮೂವರು ಮಾತಾಡುತ್ತಾ ಕೂತರು. ವಿಮೆಯವರು, ಈ ಸಲ ಅವ ಖಂಡಿತ ತಗೋತಾನೆ, ಕಂಪ್ಯೂಟರ್ ಅಂಗಡಿಗೂ ಹೋಗಿ ಕೇಳಿ ಬಂದಿದ್ದಾನೆ ಅಂದರು. ಆಗ ನಮ್ಮವರು ಅಂದದ್ದು ನನಗೆ ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ.

"ತಗೊಳ್ಳಾಕ ಬಿಡಬಾರ್ದು ಅವನ್ನ. ಅವ ಹೊಸಾದ ತಗೊಂಡ್ರ ನಾವ ಯಾರನ್ನ ಹೊಡಿಯೂಣು?"

ಮೂವರೂ ನಕ್ಕರು. ಆಮೇಲೆ ಮದುವೆ ಮನೆಯಲ್ಲಿ ಕೆಲಸ ಹಂಚಿಕೊಳ್ಳುವಂತೆ ಹಂಚಿಕೊಂಡರು: ಇನ್ನೊಂದು ಹೊಸ ಕಾರ್ಡಿನ ಸುದ್ದಿಯನ್ನು ಬಟ್ಟೆ ಅಂಗಡಿಯವರು ಹೇಳುವುದು, ಆ ಕಂಪ್ಯೂಟರ್ ಅಂಗಡಿಯವನು ಮೋಸಗಾರ ಎಂದು ನಮ್ಮವರು ಹೇಳುವುದು.

ಉಣ್ಣಲು ಕೂತಾಗ ನಾನು ಕೇಳಿದೆ, ಪಾಪದ ಮನುಷ್ಯ, ಯಾಕೆ ಹೀಗೆ ಮಾಡುತ್ತೀರಿ ಎಂದು. ಅವರು ಪಲ್ಯ ಮುಂದಕ್ಕೆ ಎಳೆದುಕೊಂಡು, ಚ್ಯಾಷ್ಟಿ ಅದು, ನಿನಗೆ ತಿಳಿಯೂದಿಲ್ಲ ಅಂದರು. ರೊಟ್ಟಿ ಮುರಿಯುತ್ತ ತಾವಾಗಿಯೇ ಸೇರಿಸಿದರು: "ಅವಗೇನ ಕಡಿಮಿ ಆಗೇತಿ? ನಾವ ಕರೀತೀವಿ ಅಂತ ಅವಗೊಂದ ಸಂಜಿ ಐತಿ."

ಮುಂದಿನ ಸಲ ಖಾನಾಪುರದವರು ಗೆಣಸಿನ ಚೀಲ ಹಿಡಿದು ಬಂದಾಗ ನಮ್ಮವರು ಫೌಂಡ್ರಿಯಿಂದ ಬಂದಿರಲಿಲ್ಲ. ಎಂದಿನಂತೆ ಮಾತು ಕಾರ್ಡಿಗೆ ಬಂತು. ಅಂಗಡಿಯಲ್ಲಿ ಎಲ್ಲ ಕೂಡಿಸಿ ಇಡಲು ಹೇಳಿ ಬಂದದ್ದು, ಇವರು ಬೇಡವೆಂದದ್ದು, ಈಗ ಇನ್ನೊಂದು ಹೊಸ ನಮೂನೆ ಬರಲಿದೆಯಂತೆ ಎಂಬುದು, ಎಲ್ಲ ಹೇಳಿದರು.

ನಾನು ಅಂದೆ, "ಹಂಚ ಕೇಳಾಕ ಬಂದವರಿಗೆ ನೀವು, ಮುಂದಿನ ವರ್ಷ ಇದಕಿಂತ ಚಲೋ ಹಂಚ ಬರತಾವು, ಅಲ್ಲೀತನಕ ಮನಿ ಸೋರಲಿ ಅಂತೀರೇನ್ರಿ?"

ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನ ಮುಖ ನೋಡಿದರು. "ಹಂಗಂದ್ರ ಏನ್ರಿ ವೈನಿ?"

"ಹಂಗಂದ್ರ ಏನಿಲ್ರಿ. ತಗೋರಿ."

ಅಷ್ಟೇ ಅಂದು ಅವರ ಬಟ್ಟಲಿಗೆ ಇನ್ನೊಂದಿಷ್ಟು ಚಹಾ ಸುರಿದೆ.

ತಗೊಂಡರು. ಮೂವರಿಗೂ ಹೇಳಲಿಲ್ಲ, ಚಕಿತಗೊಳಿಸಬೇಕೆಂಬ ಆಸೆ. ನನಗೆ ಮಾತ್ರ ಫೋನು ಮಾಡಿ, ಪಂಖ ತಾನೇ ತಿರುಗುತ್ತದೆ, ಊದಿನಕಡ್ಡಿ ಬೇಡ, ಅದನ್ನು ದೇವರಿಗೇ ಹಚ್ಚಿದೆ ಎಂದು ನಕ್ಕರು. ಆ ನಗು ತಡವಾಗಿ ಬಂದದ್ದಲ್ಲ.

ಆ ಭಾನುವಾರ ಸ್ಪೀಕರಿನಲ್ಲಿ ಕಿರಕಿರ ಇರಲಿಲ್ಲ. ಅದನ್ನು ಗಮನಿಸಿದವಳು ನಾನೊಬ್ಬಳೇ. ಮೊದಲ ಸುತ್ತಿನಲ್ಲಿ ಮೊದಲು ಸತ್ತವರು ನಮ್ಮವರು. ಏನೋ ಕೈತಪ್ಪಾಗಿದೆ ಎಂದುಕೊಂಡರು. ಎರಡನೆಯದರಲ್ಲಿ ಬಟ್ಟೆ ಅಂಗಡಿಯವರು ಬಿದ್ದರು, ಅವರ ಹಿಂದೆಯೇ ಮತ್ತೆ ನಮ್ಮವರು. ಜೋಡಿ ಬದಲಿಸಿದರು. ಆಗ ವಿಮೆಯವರು ಬಿದ್ದರು. ಖಾನಾಪುರದವರು ಗೋಡೆಯ ಮರೆಯಿಂದ ಮರೆಗೆ ಹೋಗುವುದು ನಮ್ಮ ಪರದೆಯಲ್ಲಿ ಕಾಣುತ್ತಿತ್ತು, ಹೆದರಿಕೆಯಿಲ್ಲ, ಅವಸರವೂ ಇಲ್ಲ. ಇಷ್ಟು ವರ್ಷ ತಡೆತಡೆದು ಬರುವ ಚಿತ್ರದಲ್ಲಿ ಆಡಿ ಆಡಿ, ಎದುರಿನವರು ಎಲ್ಲಿಂದ ಬರುತ್ತಾರೆಂದು ಕಾಣುವ ಮೊದಲೇ ಊಹಿಸುವುದನ್ನು ಕಲಿತುಬಿಟ್ಟಿದ್ದರು. ಈಗ ಕಾಣತೊಡಗಿತ್ತು ಅಷ್ಟೆ.

ಹಂಚು ಒಡೆಯದಿದ್ದರೆ ಏನನ್ನಬೇಕೆಂದು ಮೂವರಿಗೂ ಗೊತ್ತಿರಲಿಲ್ಲ.

"ಯಾಕಪಾ, ಎಲ್ಲಾರೂ ಗಪ್ ಆಗೀರಲಾ?" ಎಂದು ಅವರೇ ಕೇಳಿದರು.

ನಮ್ಮವರು ಮೌಸ್ ಸರಿಸಿ ಅಂದರು, "ಏನ ಹಾಕ್ಕೊಂಡಿ ಅದರಾಗ? ಗ್ವಾಡಿ ಆಚಿಂದು ಕಾಣಸೂ ಕಳ್ಳ ಸಾಫ್ಟ್‌ವೇರ್ ಏನ?"

ಅವರು ಚೇಷ್ಟೆಯೆಂದುಕೊಂಡು ನಕ್ಕರು. ವಿಮೆಯವರೂ ಅದನ್ನೇ ಕೇಳಿದಾಗ ನಗು ನಿಂತಿತು. ಹೊಸ ಕಾರ್ಡಿನ ಸುದ್ದಿ ಹೇಳಿದರು, ಫೋಟೊ ಕಳಿಸಿದರು, ಸುಳ್ಳಾದರೆ ಖಾನಾಪುರಕ್ಕೆ ಬಂದು ನೋಡಿ, ಊಟ ಮಾಡಿಕೊಂಡು ಹೋಗಿ ಅಂದರು. ನಮಗೆ ಹೇಳದೆ ತಗೊಂಡೆಯಾ ಎಂದು ಬಟ್ಟೆ ಅಂಗಡಿಯವರು ಕೇಳಿದರು. ಮನೆಯ ಮಗಳು ಓಡಿಹೋದಳು ಎಂಬಂಥ ದನಿ ಅದು. ಖಾನಾಪುರಕ್ಕೆ ಯಾರೂ ಹೋಗಲಿಲ್ಲ.

ಇನ್ನೊಂದು ಭಾನುವಾರವೂ ಅವರೇ ಗೆದ್ದರು. ಅದರ ಮುಂದಿನ ಭಾನುವಾರ ವಿಮೆಯವರಿಗೆ ನೆಂಟರು, ಬಟ್ಟೆ ಅಂಗಡಿಯವರಿಗೆ ಬಸದಿಯ ಕಾರ್ಯಕ್ರಮ, ನಮ್ಮವರಿಗೆ ಫೌಂಡ್ರಿ. ನಾಲ್ಕು ದಿನ ಬಿಟ್ಟು ಗುರುವಾರ ಸಂಜೆ ಮೂವರೂ ಕೂತು ಗುರುತಿಲ್ಲದವರ ಜೊತೆ ಆಡುತ್ತಿದ್ದರು. ಆಟಕ್ಕೆ ಕೂತಿದ್ದಾರೆಂದು ತೋರಿಸುವ, ಹೆಸರಿನ ಮುಂದಿನ ಹಸಿರು ಚುಕ್ಕೆ ಯಾರಿಗೂ ಕಾಣದಂತೆ ಮಾಡುವುದನ್ನು ನಮ್ಮವರು ಅವತ್ತು ಕಲಿತರು.

ಅದೇ ಸಂಜೆ ನನ್ನ ಫೋನಿಗೆ ಖಾನಾಪುರದವರು ಮಾಡಿದರು. ಇವರು ಮನೆಯಲ್ಲಿದ್ದಾರೇನು ಎಂದು ಕೇಳಿದರು. ನಮ್ಮವರು ಕೂತಲ್ಲಿಂದಲೇ ಕೈಯಾಡಿಸಿ ಇಲ್ಲ ಅನ್ನು ಅಂದರು. ನಾನು, ಅದಾರ್ರಿ, ಕೊಡತೇನಿ ಎಂದು ಫೋನನ್ನು ಅವರ ಕಿವಿಗೇ ಹಿಡಿದೆ. ಫೌಂಡ್ರಿಯ ಲೆಕ್ಕ ಮಾಡಾಕತ್ತೇನಿ ಎಂದು ನಮ್ಮವರು ಹೇಳುತ್ತಿರುವಾಗಲೇ ಸ್ಪೀಕರಿನಲ್ಲಿ ಗುಂಡುಗಳು ಸಿಡಿಯುತ್ತಿದ್ದವು, ಬಟ್ಟೆ ಅಂಗಡಿಯವರು ಎಡಕ್ಕೆ ಬಾ, ಎಡಕ್ಕೆ ಎಂದು ಕೂಗುತ್ತಿದ್ದರು. ಆ ಕಡೆಯಿಂದ ಖಾನಾಪುರದವರು, ಹಾಂ ಹಾಂ, ಮುಗಸ್ರಿ ಮುಗಸ್ರಿ ಎಂದು ಇಟ್ಟರು.

ಆಮೇಲೊಂದು ಭಾನುವಾರ ಮೂವರೂ ಅವರನ್ನು ಆಟಕ್ಕೆ ಕರೆದರು, ಕರೆಯದಿದ್ದರೆ ಚೆನ್ನಾಗಿ ಕಾಣುವುದಿಲ್ಲವೆಂದು. ಆ ದಿನ ಖಾನಾಪುರದವರ ಗುಂಡುಗಳೆಲ್ಲ ಗೋಡೆಗೆ ಬಿದ್ದವು. ಬೇಕೆಂದೇ ಬಯಲಿಗೆ ಬಂದು ನಿಂತರು. ಇಷ್ಟು ವರ್ಷ ಅವರನ್ನು ಹೊಡೆದವರಿಗೆ ಅದು ತಿಳಿಯದೇ? ಭಿಕ್ಷೆ ಹಾಕಾಕತ್ತಿಯೇನು ನಮಗೆ ಎಂದು ನಮ್ಮವರು ರೇಗಿ ಆಟವನ್ನೇ ಮುಚ್ಚಿದರು.

ಸಂಕ್ರಾಂತಿ ಕಳೆದು ಖಾನಾಪುರದವರು ಮನೆಗೆ ಬಂದಾಗ ಚೀಲದಲ್ಲಿ ಗೆಣಸಿರಲಿಲ್ಲ. ಟವೆಲ್ಲಿನಲ್ಲಿ ಸುತ್ತಿದ ಹೊಸ ಕಾರ್ಡಿನ ಡಬ್ಬಿಯಿತ್ತು. ನನ್ನ ಕಡೆ ಇದು ಬಿಸಿಯಾಗುತ್ತದೆ, ಹೊಂದುತ್ತಿಲ್ಲ, ಒಮ್ಮೆ ನೋಡು ಎಂದು ನಮ್ಮವರ ಮುಂದಿಟ್ಟರು. ನಮ್ಮವರು ಬೇರೇನೂ ಕೇಳದೆ ನಮ್ಮ ಕಂಪ್ಯೂಟರಿನ ಬದಿ ಬಿಚ್ಚಿ, ಅದನ್ನು ಕೂರಿಸಿ, ಸ್ವಿಚ್ ಹಾಕಿದರು. ಒಳಗೆ ಹಸಿರು ದೀಪ ಹತ್ತಿತು. ಅರ್ಧ ಗಂಟೆ ಓಡಿಸಿದರೂ ಅದು ಬೆಚ್ಚಗೂ ಆಗಲಿಲ್ಲ.

"ನಿಮ್ಮೂರ ಕರೆಂಟ ಸರಿ ಇಲ್ಲಪಾ. ಇಲ್ಲೆ ಇರಲಿ ಇದು" ಅಂದರು ನಮ್ಮವರು.

ಬೇಡವೆನ್ನುತ್ತಾರೆಂದು ನಾನು ಕಾದೆ. ಅವರು ಚಹಾದ ಬಟ್ಟಲು ನೋಡುತ್ತ, ಇರಲಿ ಇರಲಿ, ನಿನ್ನ ಕಡೆ ಚಲೋ ಓಡತೈತಿ ಅಂದರು. ಹೋಗುವಾಗ ಬಾಗಿಲ ತನಕ ನಾನು ಹೋದೆ. ಚಪ್ಪಲಿ ಮೆಟ್ಟಿಕೊಳ್ಳುತ್ತ ಮೆಲ್ಲಗೆ ಹೇಳಿದರು: "ಖರೇ ಹೇಳಬೇಕಂದ್ರ ವೈನಿ, ಅದರಾಗ ಒಬ್ಬನ ಕುಂತು ಆಡಿದೆ. ಚಿತ್ರ ಭಾಳ ಚಂದ ಬರ್ತಿದ್ದುವು. ಆದ್ರ ಆ ಕಡಿಂದ ಬೈಯಾವರು ಯಾರೂ ಇರಲಿಲ್ಲ."

ಆ ಭಾನುವಾರ ನಾಲ್ವರೂ ಕೂತರು. ಬಟ್ಟೆ ಅಂಗಡಿಯವರು ಅವಸರದಲ್ಲಿ ಉಂಡು ಬಂದಿದ್ದರು, ಬಿಕ್ಕಳಿಕೆ ಕೇಳುತ್ತಿತ್ತು. ನಮ್ಮ ಕಂಪ್ಯೂಟರಿನ ಹಸಿರು ಬೆಳಕು ಗೋಡೆಯ ಮೇಲೆ ಬಿದ್ದು, ನನ್ನ ತೊಡೆಯ ಮೇಲಿನ ಬೆಳ್ಳುಳ್ಳಿಯೂ ಹಸಿರಾಗಿತ್ತು. ಸ್ಪೀಕರಿನಲ್ಲಿ ಟೇಬಲ್ ಫ್ಯಾನಿನ ಕಿರಕಿರ ಮತ್ತೆ ಶುರುವಾಗಿತ್ತು. ಹಳೆಯ ಕಾರ್ಡು ಮರಳಿ ಹಾಕಿದ್ದೇನೆ, ಸಂಭಾಳಿಸಿಕೊಳ್ಳಿ ಎಂದು ಖಾನಾಪುರದವರು ಮೊದಲೇ ಹೇಳಿಬಿಟ್ಟರು. ಆ ಮಾತಿಗೇ ಮೂವರ ದನಿಯೂ ಸಡಿಲಾಯಿತು. ನೆಂಟರ ಸುದ್ದಿ, ಬಸದಿಯ ಸುದ್ದಿ ಎಲ್ಲ ಹೇಳಿಕೊಂಡರು.

ಹೊಸ ಕಾರ್ಡಿನಲ್ಲಿ ನಮ್ಮವರಿಗೆ ಮುರಿದ ಕಿಟಕಿಯ ಆಚೆಗೆ ಅಲುಗಾಡಿದ ನೆರಳೂ ಕಾಣುತ್ತಿತ್ತು. ಖಾನಾಪುರದವರು ಗೋಡೆಯ ಕಡೆ ಹೊರಳಿದರು. ಅವರು ಹೊರಳುವಷ್ಟರಲ್ಲಿ ನಮ್ಮವರು ಹೊಡೆದಾಗಿತ್ತು.

ಮೂವರೂ ಬಾಯಿ ತೆರೆಯುವ ಮೊದಲೇ ಫ್ಯಾನಿನ ಸದ್ದಿನ ಮುಂದೆ ಅವರದೇ ದನಿ ಬಂತು.

"ಹಂಚ ಒಡೀತ್ರಪಾ."

ಎಲ್ಲರೂ ನಕ್ಕರು. ಅವರು ಎಲ್ಲರಿಗಿಂತ ಮೊದಲು ನಕ್ಕು, ಎಲ್ಲರಿಗಿಂತ ಆಮೇಲೆ ನಿಲ್ಲಿಸಿದರು. ನಮ್ಮವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕೈ ಚಾಚಿ ಚಹಾ ಕೇಳಿದರು. ನಾನು ಸಿಪ್ಪೆ ಬಳಿದುಕೊಂಡು ಒಳಗೆ ಎದ್ದು ಹೋಗುವಾಗ ಎರಡನೆಯ ಸುತ್ತು ಶುರುವಾಗುತ್ತಿತ್ತು, ನಮ್ಮವರು ಅವರನ್ನು ಕರೆಯುತ್ತಿದ್ದರು, ಬಾ ಬಾ, ಮತ್ತ ಬಾ ಎಂದು, ಎಷ್ಟೋ ದಿನದ ಮೇಲೆ ಪ್ರೀತಿಯಿಂದ.