ಮೂರು ನೀರು ಸೇರುವಲ್ಲಿ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ. ಈಗ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂಭಾಗದಲ್ಲಿ ಸೀರೆ ನೇಯುವ ಎರಡು ಮಗ್ಗ. ಹಿಂದಿನ ಕೋಣೆಯಲ್ಲಿ ನನ್ನ ಕಂಪ್ಯೂಟರ್. ಉಪಗ್ರಹದ ಚಿತ್ರ ನೋಡಿ ನಕ್ಷೆ ಬರೆಯುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಭೂಮಿಯ ಉತ್ತರದ ತುದಿಯಲ್ಲಿರುವ ಹಿಮದ ನಾಡೊಂದರ ನದಿಗಳನ್ನು ಗುರುತಿಸುತ್ತಿದ್ದೆ. ಅಲ್ಲಿ ಮರವಿಲ್ಲ, ದಾರಿಯಿಲ್ಲ. ಬೇಸಿಗೆಯಲ್ಲಿ ಮಂಜು ಕರಗಿ ನದಿ ಹತ್ತಾರು ಕವಲಾಗಿ ಹರಡುತ್ತದೆ. ಇಂದು ಹರಿದ ಕಡೆ ನಾಳೆ ಹರಿಯುವುದಿಲ್ಲ. ಮೂರು ಹೊಳೆ ಕೂಡುವಲ್ಲಿ, ಕಪ್ಪು ಬೆಟ್ಟವೊಂದರ ಕೆಳಗೆ, ಉದ್ದನೆಯ ಮರಳುದಿಬ್ಬವಿತ್ತು. ನೀರು ಅಳೆಯಲು ಹೊರಟ ನಾಲ್ವರ ಪುಟ್ಟ ವಿಮಾನ ಅಲ್ಲಿ ಇಳಿಯಬಹುದೆಂದು ನಾನೇ ಗುರುತು ಹಾಕಿದ್ದೆ.

ಮಾರನೆಯ ದಿನ ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳು ನಿಂತವು. ನೂಲು ಸುತ್ತುತ್ತಿದ್ದ ನಮ್ಮ ಅತ್ತೆ ಅಲ್ಲೇ ಚಾಪೆಯ ಮೇಲೆ ಒರಗಿ ನಿದ್ದೆಹೋದರು. ಸ್ವಲ್ಪ ಹೊತ್ತಿಗೆ ಕೂಗಿಕೊಂಡು ಎದ್ದರು.

“ಇಳೀಬೇಡಿ ಅಂತ ಹೇಳಮ್ಮ ಅವರಿಗೆ! ಅದು ನೆಲ ಅಲ್ಲ, ಒಳಗೆಲ್ಲ ನೀರು ಕೊರ್ದ್ಬಿಟ್ಟಿದೆ.”

“ಯಾರಿಗೆ ಅತ್ತೆ?”

“ಮೇಲಿಂದ ಬರ್ತಾರಲ್ಲ, ನಾಲ್ಕು ಜನ. ಮೂರು ನೀರು ಸೇರೋ ಕಡೆಗೆ.”

ಈ ಕೆಲಸದ ವಿಷಯ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಅವರ ಹಣೆ ಮುಟ್ಟಿ ನೋಡಿದೆ, ಜ್ವರವಿರಲಿಲ್ಲ. ಪಾದಗಳು ಮಾತ್ರ ಮಂಜುಗಡ್ಡೆಯ ಹಾಗಿದ್ದವು. ಹೊರಗೆ ಉರಿಬಿಸಿಲು, ಚಾಪೆ ಒಣಗಿದ್ದು. ಆದರೂ ಕಾಲ್ಬೆರಳುಗಳು ಬಹಳ ಹೊತ್ತು ನೀರಿನಲ್ಲಿ ನಿಂತವರ ಬೆರಳಿನಂತೆ ಸುಕ್ಕುಗಟ್ಟಿದ್ದವು.

ಅತ್ತೆಗೆ ಕನಸು ಬಿತ್ತೆಂದು ಆಫೀಸಿಗೆ ಬರೆಯುವುದು ಹೇಗೆ? ಚಿತ್ರ ಮಸುಕಾಗಿದೆ, ನನ್ನ ಗುರುತು ನಂಬಬೇಡಿ ಎಂದು ಮೊಬೈಲಿನಿಂದಲೇ ಸುಳ್ಳು ಬರೆದೆ. ಕೆಲಸ ಹೋದರೆ ಹೋಗಲಿ ಅನಿಸಿತ್ತು. ವಿಮಾನ ಇಳಿಯದೆ ಮೇಲೊಂದು ಸುತ್ತು ಹಾಕಿತು. ಅವರು ನೋಡುತ್ತಿದ್ದಂತೆಯೇ ದಿಬ್ಬದ ನಡುಭಾಗ ಕುಸಿದು ಹೊಳೆಯ ಪಾಲಾಯಿತಂತೆ. ನಿಮಗೆ ಹೇಗೆ ತಿಳಿಯಿತು ಎಂದು ಆಫೀಸಿನವರು ಕೇಳಿದರು. ನಾನು ಏನೋ ಹೇಳಿ ತಪ್ಪಿಸಿಕೊಂಡೆ.

ಅತ್ತೆ ಮಾತ್ರ ಅಂದು ಸಂಜೆಗೇ ಎಲ್ಲ ಮರೆತಿದ್ದರು. ವಾರದ ನಂತರ, ವಿಮಾನದಿಂದ ತೆಗೆದ ಫೋಟೊವನ್ನು ಅವರಿಗೆ ತೋರಿಸಿದೆ.

“ಯಾವೂರಮ್ಮ ಇದು?” ಎಂದು ನೋಡುತ್ತಾ ಕೂತರು. ಆಮೇಲೆ ಬೆಟ್ಟದ ಬುಡದ ಖಾಲಿ ದಡದ ಮೇಲೆ ಬೆರಳಿಟ್ಟು, “ಇಲ್ಲೊಬ್ರು ಕೂತಿದ್ರಲ್ಲ, ಎದ್ದು ಹೋದ್ರಾ?” ಅಂದರು.

ಯಾರು ಎಂದರೆ ಅವರಿಗೇ ಗೊತ್ತಿಲ್ಲ. ಆ ದಡವನ್ನು ಎಷ್ಟು ಸಲ ದೊಡ್ಡದು ಮಾಡಿ ನೋಡಿದ್ದೇನೋ. ಬರೀ ಕಲ್ಲು, ಬರೀ ನೀರು. ಅಂದು ಅತ್ತೆ ಎಲ್ಲಿಗೆ ಹೋಗಿದ್ದರು, ಅಲ್ಲಿ ಅವರ ಜೊತೆ ಕೂತಿದ್ದವರು ಯಾರು, ನನಗೆ ಇಂದಿಗೂ ತಿಳಿದಿಲ್ಲ.